ಕಂಡಕ್ಟರ್ ಉಚ್ಚಂಗೆವ್ವನ ತೊಂಬತ್ತೊಂದು ಕಿಲೋ

ಉಚ್ಚಂಗೆವ್ವನ ಬಸ್ಸು ಹತ್ತಿದವರಿಗೆ ಟಿಕೆಟ್ ಸಿಗುವುದಕ್ಕಿಂತ ಮೊದಲು ಒಂದು ಬೈಗುಳ ಸಿಗುತ್ತಿತ್ತು. "ಬಾಗಿಲದಾಗ ಯಾಕ ನಿಂತೀರಿ, ಒಳಗ ಹುಲಿ ಕಟ್ಟೇವೇನು?" ಎಂದೋ, "ಗಂಟು ನಿಮ್ಮ ತೊಡಿ ಮ್ಯಾಲ ಇಟ್ಕೊಳ್ರಿ, ನನ್ನ ಕಾಲ ಮ್ಯಾಲಲ್ಲ" ಎಂದೋ. ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ರಾಣೆಬೆನ್ನೂರಿನಿಂದ ಕದರಮಂಡಲಗಿಯ ಮೇಲೆ ಬ್ಯಾಡಗಿಗೆ ಹೋಗುವ ಬೆಳಗಿನ ಏಳೂಮುಕ್ಕಾಲರ ಬಸ್ಸು ಅವಳದು. ನಾನು ಬ್ಯಾಡಗಿಯ ಅಂಚೆ ಕಚೇರಿಯಲ್ಲಿ ಗುಮಾಸ್ತ. ಒಂಬತ್ತು ವರ್ಷ ಅದೇ ಬಸ್ಸಿನಲ್ಲಿ, ಹೆಚ್ಚುಕಡಿಮೆ ಅದೇ ಸೀಟಿನಲ್ಲಿ ಕೂತು ಹೋಗಿದ್ದೇನೆ. ನಾನು ಕಣ್ಣಾರೆ ಕಾಣದೆ ಇದ್ದುದನ್ನು ಅವಳೇ ನನಗೆ ಹೇಳಿದಳು, ಅದೂ ಬೈಯುತ್ತಲೇ.

ಗುತ್ತಲದ ರೈತರ ಮನೆಯ ಮಗಳು ಆಕೆ. ಇಪ್ಪತ್ತಾರನೇ ವಯಸ್ಸಿಗೆ ಕಂಡಕ್ಟರ್ ನೌಕರಿ ಸಿಕ್ಕಿತು. ಹಲಗೇರಿಯ ಮೈಲೇಶನನ್ನು ಮದುವೆಯಾದಳು. ಮೈಲೇಶ ರಾಣೆಬೆನ್ನೂರಿನಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿಯ ಅಂಗಡಿ ಇಟ್ಟ ಮೇಲೆ ಮನೆ ಅಲ್ಲಿಗೇ ಬಂತು. ಮನೆಯಲ್ಲಿ ಅತ್ತೆ ಗಂಗಮಾಳವ್ವ. ಮಗಳು ಶಿಲ್ಪಾ ಹಾವೇರಿಯ ಹಾಸ್ಟೆಲ್ಲಿನಲ್ಲಿದ್ದುಕೊಂಡು ಓದುತ್ತಿದ್ದಳು.

ಶಿಲ್ಪಾ ಹುಟ್ಟಿದ ಮೇಲೆ ಶುರುವಾದ ಬೊಜ್ಜು ಮತ್ತೆ ಹಿಂದೆ ತಿರುಗಿ ನೋಡಲಿಲ್ಲ. ನಸುಕಿನ ಐದಕ್ಕೆ ಡಿಪೋಕ್ಕೆ ಹೋಗುವವಳಿಗೆ ನಾಷ್ಟಾ ಎಲ್ಲಿಯದು? ಹನ್ನೊಂದಕ್ಕೆ ಬ್ಯಾಡಗಿ ಸ್ಟ್ಯಾಂಡಿನಲ್ಲಿ ಮಿರ್ಚಿ ಮಂಡಕ್ಕಿ, ಮೂರೂವರೆಗೆ ಊಟ, ಸಂಜೆ ಸುಸ್ತಿಗೆ ಮತ್ತೇನಾದರೂ. ನಲವತ್ತೊಂದಕ್ಕೆ ಬರುವ ಹೊತ್ತಿಗೆ ನೂರಾ ಇಪ್ಪತ್ನಾಲ್ಕು ಕಿಲೋ ಆಗಿದ್ದಳು. ಸಕ್ಕರೆ ಕಾಯಿಲೆ ಬಂದಿತ್ತು, ಮೊಣಕಾಲು ಹೋಗಿದ್ದವು. ಹೆಂಗಸರಿಗೆ ಟಿಕೆಟ್ ಉಚಿತವಾದ ಮೇಲೆ ಬಸ್ಸು ಹಗ್ಗ ಹಾಕಿ ಬಿಗಿದಂತೆ ತುಂಬುತ್ತಿತ್ತು. ಅವಳು ಸೀಟುಗಳ ನಡುವೆ ಅಡ್ಡಡ್ಡವಾಗಿ ಸರಿದು, ಅರ್ಧಕ್ಕೆ ಸಿಕ್ಕಿಕೊಂಡು, ಅಲ್ಲಿಂದಲೇ ಕೂಗಿ ಟಿಕೆಟ್ ಕೈಯಿಂದ ಕೈಗೆ ದಾಟಿಸುತ್ತಿದ್ದಳು.

ಒಂದು ದಿನ ಮಾಲತೇಶಪ್ಪ ಅನ್ನುವ ಕಾಳಿನ ವ್ಯಾಪಾರಿ, "ಅಕ್ಕಾರ, ಮೊದಲ ನಿಮಗ ನೀವು ಎರಡು ಟಿಕೇಟು ಹರಕೊಳ್ರಿ" ಅಂದ. ಬಸ್ಸೆಲ್ಲ ನಕ್ಕಿತು. ಅವಳೂ ನಕ್ಕಳು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಆ ಸಂಜೆ ಅವಳು ಗಂಡನ ಅಂಗಡಿಗೆ ನೆಟ್ಟಗೆ ಹೋಗಿ, ತಂತಿ ಸುತ್ತುತ್ತಿದ್ದವನ ಮುಂದೆ ನಿಂತು, "ಹೊಟ್ಟಿ ಆಪರೇಶನ್ ಮಾಡಿಸ್ಕೊಂತೇನಿ. ಹೂಂ ಅನ್ನು" ಅಂದಳಂತೆ.

ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಯಿತು. ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ತೆಗೆದು ಒಂದು ಬಾಳೆಹಣ್ಣಿನಷ್ಟು ಉಳಿಸುವ ಶಸ್ತ್ರಚಿಕಿತ್ಸೆ. ಎಷ್ಟು ಖರ್ಚಾಯಿತು ಎಂದು ಕೇಳಿದವರಿಗೆ "ಆತಲ್ಲ, ಮುಗೀತಲ್ಲ" ಎಂದು ಬಾಯಿ ಮುಚ್ಚಿಸಿದಳು. ಎರಡು ವಾರ ಗಂಜಿ ತಿಳಿ, ಮತ್ತೆರಡು ವಾರ ನುಣ್ಣಗೆ ಕಿವುಚಿದ್ದು, ಆಮೇಲೆ ಮೆತ್ತನೆಯ ಊಟ. ಎರಡು ತಿಂಗಳಿಗೆ ಡ್ಯೂಟಿಗೆ ಬಂದಾಗ ಯೂನಿಫಾರ್ಮಿನ ಕೋಟು ಮೈಮೇಲೆ ಜೋತಾಡುತ್ತಿತ್ತು. ನಾಲ್ಕನೇ ತಿಂಗಳಿಗೆ ತೊಂಬತ್ತೆಂಟು. ಐದೂವರೆ ತಿಂಗಳಿಗೆ ತೊಂಬತ್ತೊಂದು. ಈಗ ಅವಳು ಸೀಟುಗಳ ನಡುವೆ ನೆಟ್ಟಗೆ ನಡೆಯುತ್ತಿದ್ದಳು. ಕೊನೆಯ ಸೀಟಿನವರೆಗೆ ಬಂದು ಟಿಕೆಟ್ ಕೊಟ್ಟ ಮೊದಲ ದಿನ ಹಿಂದೆ ಕೂತ ಹೆಂಗಸರು ಅವಳನ್ನು ಹೊಸ ಸೊಸೆಯನ್ನು ನೋಡುವಂತೆ ನೋಡಿದರು.

ಅಲ್ಲಿಗೆ ನಿಂತಿತು.

ಒಂದು ವಾರ ತೊಂಬತ್ತೊಂದು. ಎರಡನೇ ವಾರ ತೊಂಬತ್ತೊಂದು. ಮೈಲೇಶ ತಂದಿಟ್ಟಿದ್ದ ಗಾಜಿನ ತೂಕದ ಯಂತ್ರದ ಮೇಲೆ ಅವಳು ಎದ್ದ ಕೂಡಲೇ ಹತ್ತಿದಳು, ಸ್ನಾನ ಮಾಡಿ ಹತ್ತಿದಳು, ಡ್ಯೂಟಿ ಮುಗಿಸಿ ಬಂದು ಹತ್ತಿದಳು. ಯಂತ್ರ ಕೆಟ್ಟಿರಬೇಕೆಂದು ಐದು ಕಿಲೋ ಜೋಳದ ಚೀಲ ಇಟ್ಟು ನೋಡಿದಳು. ಸರಿಯಾಗಿ ಐದು ತೋರಿಸಿತು. ಅದಕ್ಕೂ ಸಿಟ್ಟು ಬಂತು. ನಾಲ್ಕನೇ ವಾರ ಮುನ್ನೂರು ಗ್ರಾಂ ಹೆಚ್ಚಾಯಿತು.

ಇದು ಮನೆಯೊಳಗಿನ ಸಂಕಟವಾಗಿದ್ದರೆ ಹೇಗೋ ಆಗುತ್ತಿತ್ತು. ಆದರೆ ಕಂಡಕ್ಟರಳ ಮೈ ಊರಿನವರದು. ದಿನಕ್ಕೆ ನಾನೂರು ಜನ ಅವಳನ್ನು ನೋಡುತ್ತಿದ್ದರು, ಅದರಲ್ಲಿ ಅರ್ಧ ಜನ ಬಾಯಿ ಬಿಡುತ್ತಿದ್ದರು.

"ಯಾಕವಾ, ಈ ತಿಂಗಳು ಇಳದಂಗ ಕಾಣವಲ್ದು?"

"ಮುಖ ಬಾಡೇತಿ, ಹೊಟ್ಟಿ ಹಂಗ ಐತಿ."

"ನಮ್ಮ ತಂಗಿ ನಾದನಿಗೂ ಮಾಡಿದ್ರು. ಒಂದು ವರ್ಷಕ್ಕ ಮತ್ತ ಮೊದಲಿನಗತೆ ಆದ್ಲು."

ಒಬ್ಬ ಬಿಸಿನೀರು ಜೇನುತುಪ್ಪ ಅಂದ. ಇನ್ನೊಬ್ಬ ಹುರುಳಿ ಕಷಾಯ ಅಂದ. ಮಾಲತೇಶಪ್ಪ ಮೊಬೈಲಿನಲ್ಲಿ ಒಂದು ವಿಡಿಯೊ ತೆರೆದು, "ಇದರಾಗ ರಾತ್ರಿ ಊಟಾನ ಬಿಡ್ರಿ ಅಂತ ಹೇಳ್ಯಾರ ನೋಡ್ರಿ" ಎಂದು ಅವಳ ಮೂಗಿಗೆ ಹಿಡಿದ. ನನಗೂ ಒಂದು ದಿನ ನಾಲಿಗೆ ತುರಿಸಿತು. "ಈಗ ಎಷ್ಟಾತ್ರಿ ಅಕ್ಕಾರ?" ಎಂದೆ. ಅವಳು ನನ್ನ ಪಾಸು ಕೈಯಲ್ಲಿ ಹಿಡಿದುಕೊಂಡೇ, "ನಿಮ್ಮ ಪೋಸ್ಟಾಫೀಸಿಗೆ ಬಂದ ಪಾರ್ಸಲ್ಲ ಏನ್ರಿ ನಾನು, ತೂಕ ಕೇಳಾಕ?" ಅಂದಳು. ಬ್ಯಾಡಗಿ ಬರುವವರೆಗೆ ನಾನು ಕಿಟಕಿಯ ಹೊರಗೆ ನೋಡಿದೆ.

ಮಗಳು ಶಿಲ್ಪಾ ರಜೆಗೆ ಬಂದಾಗ ಅವ್ವನ ಮೊಬೈಲಿಗೆ ಕ್ಯಾಲೊರಿ ಲೆಕ್ಕದ ಒಂದು ಆ್ಯಪ್ ಹಾಕಿಕೊಟ್ಟು ಹೋದಳು. ಆ ಆ್ಯಪಿಗೆ ಪಿಜ್ಜಾ ಗೊತ್ತಿತ್ತು, ಮಡಕಿಕಾಳಿನ ಪಲ್ಯ ಗೊತ್ತಿರಲಿಲ್ಲ. ಜೋಳದ ರೊಟ್ಟಿ ಅಂದರೆ ಯಾವುದೋ ಬ್ರೆಡ್ಡಿನ ಚಿತ್ರ ತೋರಿಸಿ ಎಷ್ಟು ತುಂಡು ಎಂದು ಕೇಳುತ್ತಿತ್ತು. ಮೂರು ದಿನ ಅದರ ಜೊತೆ ಜಗಳಾಡಿ ನಾಲ್ಕನೆಯ ದಿನ ತೆಗೆದುಹಾಕಿದಳು. ಆಮೇಲೆ ತನಗೆ ತಿಳಿದ ದಾರಿ ಹಿಡಿದಳು. ಊಟ ಬಿಟ್ಟಳು.

ಮಧ್ಯಾಹ್ನಕ್ಕೆ ತರುತ್ತಿದ್ದ ಬುತ್ತಿಯ ಡಬ್ಬಿ ಖಾಲಿಯಾಯಿತು. ಬೆಳಿಗ್ಗೆ ಒಂದು ಲೋಟ ಮಜ್ಜಿಗೆ, ಮಧ್ಯಾಹ್ನ ಒಂದು ಮೊಟ್ಟೆಯ ಬಿಳಿ, ರಾತ್ರಿ ಎರಡು ಚಮಚ ಅನ್ನ ಸಾರು. ತ್ರಾಣಕ್ಕೆ ಚಹಾ. ನೀರಂತೂ ಮೊದಲಿನಿಂದಲೂ ಕುಡಿಯುತ್ತಿರಲಿಲ್ಲ. ಹೆಣ್ಣು ಕಂಡಕ್ಟರಿಗೆ ನೀರು ಕುಡಿದರೆ ಮುಂದಿನ ತೊಂದರೆ ಏನು ಎಂದು ಬಿಡಿಸಿ ಹೇಳಬೇಕಿಲ್ಲ. ರಾಣೆಬೆನ್ನೂರು ಬಿಟ್ಟರೆ ಬ್ಯಾಡಗಿ, ನಡುವೆ ಬಸ್ಸು ನಿಲ್ಲುವ ಅರ್ಧ ನಿಮಿಷದಲ್ಲಿ ಎಲ್ಲಿ ಹೋಗುವುದು? ಅವಳ ನೀರಿನ ಬಾಟಲಿ ಬೆಳಿಗ್ಗೆ ತುಂಬಿದ್ದು ಸಂಜೆಗೂ ತುಂಬಿಯೇ ಇರುತ್ತಿತ್ತು. ಬಾಚಿದರೆ ಹಣಿಗೆಯ ತುಂಬ ಕೂದಲು ಬರತೊಡಗಿತು. ತೂಕ ತೊಂಬತ್ತೊಂದು.

ಏಳನೇ ವಾರದ ಶನಿವಾರ ಅದು. ಶನಿವಾರ ಅಂದರೆ ಕದರಮಂಡಲಗಿಯ ಆಂಜನೇಯನಿಗೆ ಹೋಗುವವರ ದಿನ, ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಉಚ್ಚಂಗೆವ್ವ ನಡುವಿನಲ್ಲಿ ನಿಂತು, "ಆಧಾರ್ ಕಾರ್ಡ್ ಕೈಯಾಗ ಹಿಡೀರಿ, ಬುತ್ತಿ ಗಂಟು ಆಮ್ಯಾಲ ಬಿಚ್ಚೀರಂತ" ಎನ್ನುತ್ತಿದ್ದವಳು ಮಾತು ಅರ್ಧಕ್ಕೆ ನಿಲ್ಲಿಸಿದಳು. ಟಿಕೆಟ್ ಯಂತ್ರ ಕೈಯಿಂದ ಜಾರಿತು. ಕೆಳಗೆ ಬೀಳಲಿಕ್ಕೂ ಜಾಗವಿಲ್ಲದ್ದರಿಂದ ಅವಳು ನಿಂತಲ್ಲೇ ಪಕ್ಕದ ಸೀಟಿನ ದೌಲತಬಿಯ ಮೇಲೆ ಒರಗಿದಳು. ದೌಲತಬಿ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸಕ್ಕೆ ದಿನಾ ಬರುವ ಹೆಂಗಸು. ಅವಳು, "ಯಾ ಅಲ್ಲಾ! ಗಾಡಿ ನಿಂದರಸೋ ಮಕ್ತುಮಣ್ಣಾ!" ಎಂದು ಚೀರಿದಳು.

ಡ್ರೈವರ್ ಮಕ್ತುಮಸಾಬ ಬಸ್ಸನ್ನು ಬದಿಗೆ ಹಾಕಿ ಓಡಿ ಬಂದ. ಹದಿನಾಲ್ಕು ವರ್ಷದಿಂದ ಆ ಕಡೆಯ ರಸ್ತೆಗಳಲ್ಲಿ ಬಸ್ಸು ಹೊಡೆದವನು, ಉಚ್ಚಂಗೆವ್ವನ ಜೊತೆ ಡ್ಯೂಟಿ ಐದು ವರ್ಷದ್ದು. ಯಾರೋ ಮುಖಕ್ಕೆ ನೀರು ಚಿಮುಕಿಸಿದರು, ಇನ್ಯಾರೋ ಸಕ್ಕರೆ ನೀರು ಬಾಯಿಗೆ ಹನಿಸಿದರು. ಹಿಂದಿನಿಂದ ಒಬ್ಬ, "ಹೊಟ್ಟಿ ಕೊಯ್ಸಿಕೊಂಡ್ರ ಹಿಂಗ ಆಕ್ಕೈತಿ" ಅಂದ. ಉಚ್ಚಂಗೆವ್ವ ಕಣ್ಣು ತೆರೆಯದೆಯೇ, "ಯಾರಂವಾ ಅಂವಾ, ಟಿಕೇಟ್ ತಗೊಂಡಾನೇನು ಕೇಳ್ರಿ" ಅಂದಳು. ಬದುಕಿದ್ದಾಳೆ ಎಂದು ನಮಗೆ ಧೈರ್ಯ ಬಂತು.

ಬ್ಯಾಡಗಿಯ ಆಸ್ಪತ್ರೆಯಲ್ಲಿ ಸಲಾಯಿನ್ ಹಚ್ಚಿದರು. ಮರುದಿನ ಮೈಲೇಶ ಅಂಗಡಿಗೆ ಬೀಗ ಹಾಕಿದ. ಸೋಮವಾರ ಅವಳನ್ನು ಹುಬ್ಬಳ್ಳಿಗೆ ಕರೆದೊಯ್ದ.

ಅಲ್ಲಿ ಆಹಾರದ ಸಲಹೆ ಕೊಡುವವಳು ನಿರ್ಮಲಾ ಅನ್ನುವ ನಲವತ್ತರ ಹೆಂಗಸು. ಶಸ್ತ್ರಚಿಕಿತ್ಸೆಯ ನಂತರ ಪ್ರತಿ ತಿಂಗಳು ಬರಬೇಕೆಂದು ಹೇಳಿದ್ದಳು. ಉಚ್ಚಂಗೆವ್ವ ರಜೆ ಇಲ್ಲವೆಂದು ಎರಡು ಸಲ ತಪ್ಪಿಸಿದ್ದಳು. ರಕ್ತದ ವರದಿ ನೋಡಿ ನಿರ್ಮಲಾ ಕನ್ನಡಕ ತೆಗೆದಳು.

"ಉಪವಾಸ ಇರ್ರಿ ಅಂತ ನಿಮಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ. ತೂಕ ಇಳೀವಲ್ದಲ್ಲ, ಮತ್ತೇನು ಮಾಡ್ಲಿ? ತಿನ್ನೂದು ಕಡಿಮಿ ಮಾಡಿದ್ರ ಇಳೀತೈತಿ ಅಂತ ಸಣ್ಣ ಕೂಸಿಗೂ ಗೊತ್ತೈತಿ."

"ನಾವು ಬರದು ಕೊಟ್ಟ ವಿಟಮಿನ್ ಗುಳಿಗಿ?"

"ಅವು... ಒಮ್ಮೊಮ್ಮೆ."

"ಒಮ್ಮೊಮ್ಮೆ ಅಂದ್ರ?"

ಉಚ್ಚಂಗೆವ್ವ ಗಂಡನ ಕಡೆ ನೋಡಿದಳು. ಮೈಲೇಶ ಗೋಡೆಯ ಕಡೆ ನೋಡಿದ.

ನಿರ್ಮಲಾ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಬೈಗುಳಕ್ಕೆ ಉತ್ತರ ಕೊಡುವುದು ತನಗೆ ಗೊತ್ತಿತ್ತು ಎಂದು ಉಚ್ಚಂಗೆವ್ವ ಆಮೇಲೆ ನನಗೆ ಹೇಳಿದಳು. ನಿರ್ಮಲಾ ತಣ್ಣಗೆ ಬಿಡಿಸಿ ಹೇಳಿದಳಂತೆ. ಹೀಗೆ ನಡುವೆ ನಿಲ್ಲುವುದು ಬಹಳ ಜನರಿಗೆ ಆಗುತ್ತದೆ. ನೂರಾ ಇಪ್ಪತ್ನಾಲ್ಕು ಕಿಲೋ ಹೊತ್ತು ಓಡಾಡುವ ಮೈಗೆ ಖರ್ಚಾಗುವಷ್ಟು ಕ್ಯಾಲೊರಿ ತೊಂಬತ್ತೊಂದು ಕಿಲೋದ ಮೈಗೆ ಖರ್ಚಾಗುವುದಿಲ್ಲ. ಆದ್ದರಿಂದ ಮೊದಲಿನ ವೇಗ ಉಳಿಯುವುದಿಲ್ಲ. ಅದರ ಮೇಲೆ ಊಟವನ್ನೇ ಬಿಟ್ಟರೆ ಕರಗುವುದು ಕೊಬ್ಬು ಮಾತ್ರವಲ್ಲ, ಮಾಂಸಖಂಡವೂ. ಮಾಂಸಖಂಡ ಹೋದಷ್ಟೂ ಮೈ ಇನ್ನೂ ಕಡಿಮೆ ಖರ್ಚು ಮಾಡುತ್ತದೆ. ಕೂದಲು ಉದುರುವುದಕ್ಕೂ ಪ್ರೋಟೀನ್ ಮತ್ತು ಕಬ್ಬಿಣಾಂಶ ಕಡಿಮೆಯಾದದ್ದು ಒಂದು ಕಾರಣ.

"ಹತ್ತು ದಿನ ಬರೀರಿ," ಅಂದಳು ನಿರ್ಮಲಾ. "ಊಟಾ ಮಾಡಿದ್ದಷ್ಟ ಅಲ್ಲ, ಬಾಯಾಗ ಹೋಗಿದ್ದೆಲ್ಲಾ. ಗುಟುಕು ಚಹಾನೂ."

"ನಾ ಏನೂ ತಿನ್ನಂಗೇ ಇಲ್ಲಲ್ರಿ, ಬರೀಲಿ ಏನು?"

"ಏನೂ ಇಲ್ಲದಿದ್ರ ಖಾಲಿ ಹಾಳಿ ತಗೊಂಡು ಬರ್ರಿ."

ಆ ಮಾತು ಅವಳನ್ನು ಚುಚ್ಚಿತು. ಮರುದಿನದಿಂದ ಚರ್ಮದ ಚೀಲದಲ್ಲಿ ಟಿಕೆಟ್ ಯಂತ್ರದ ಪಕ್ಕ ಒಂದು ಚಿಕ್ಕ ನೋಟುಪುಸ್ತಕ ಬಂತು. ಖಾಲಿ ಹಾಳೆಗಳನ್ನೇ ಒಯ್ದು ಆ ಹೆಂಗಸಿನ ಮೇಜಿನ ಮೇಲೆ ಇಡಬೇಕೆಂಬ ಹಟದಿಂದಲೇ ಶುರು ಮಾಡಿದಳು. ಮೊದಲ ದಿನ ಮಧ್ಯಾಹ್ನಕ್ಕೇ ಒಂದು ಪುಟ ತುಂಬಿತು.

ಡಿಪೋದಲ್ಲಿ ಚಹಾ. ರಾಣೆಬೆನ್ನೂರು ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಕುಡಿಸಿದ ಚಹಾ. ಬ್ಯಾಡಗಿಯಲ್ಲಿ ಚಹಾ, ಜೊತೆಗೆ ಮಕ್ತುಮಸಾಬ ಮುರಿದುಕೊಟ್ಟ ಅರ್ಧ ಟೋಸ್ಟು. ದೌಲತಬಿ ಕೊಟ್ಟ ಹಿಡಿ ಹುರಿದ ಶೇಂಗಾ. ಹಳ್ಳಿಯಿಂದ ಹತ್ತಿದ ಅಜ್ಜಿಯೊಬ್ಬಳು ಬಾಯಿಗೇ ಇಟ್ಟ ಬೆಲ್ಲದ ಉಂಡಿ. ಮತ್ತೆ ಚಹಾ. ಎರಡು ಚಮಚ ಅನ್ನದ ಮೇಲೆ ರುಚಿಗೆಂದು ಎಣ್ಣೆ ಹಾಕಿ ಕಲೆಸಿಕೊಂಡ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಶನಿವಾರವಂತೂ ಬರೆಯುವುದರಲ್ಲೇ ಸುಸ್ತಾದಳು. ಕದರಮಂಡಲಗಿಯಲ್ಲಿ ದರ್ಶನ ಮುಗಿಸಿ ಹತ್ತಿದ ಪ್ರತಿಯೊಬ್ಬರೂ ಕಂಡಕ್ಟರವ್ವನ ಕೈಗೆ ಪ್ರಸಾದ ಇಡುತ್ತಿದ್ದರು: ಕೊಬ್ಬರಿ ಚೂರು, ಸಕ್ಕರೆ, ಬಾಳೆಹಣ್ಣು, ಉತ್ತತ್ತಿ. ಪ್ರಸಾದ ಬೇಡ ಅನ್ನುವುದು ಹೇಗೆ? ತಾನು ತಿನ್ನುತ್ತಿದ್ದೇನೆ ಎಂಬುದೂ ಇಷ್ಟು ದಿನ ಅವಳ ಗಮನಕ್ಕೆ ಬಂದಿರಲಿಲ್ಲ.

ಹತ್ತು ದಿನದ ನಂತರ ನಿರ್ಮಲಾ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದಳು. ಚಹಾ ದಿನಕ್ಕೆ ಏಳರಿಂದ ಒಂಬತ್ತು ಅರ್ಧ ಕಪ್ಪು, ಎಲ್ಲಕ್ಕೂ ಸಕ್ಕರೆ. ಚಹಾ, ಚೂರುಪಾರು, ಹಿಂಡಿ ಸೇರಿ ಆರುನೂರೈವತ್ತು ಕ್ಯಾಲೊರಿಯ ಹತ್ತಿರ. ಶನಿವಾರ ಸಾವಿರ ದಾಟಿತ್ತು. ಕೂತು ತಿಂದ ಊಟ ನಾನೂರೂ ಇಲ್ಲ. ಪ್ರೋಟೀನು ಇಪ್ಪತ್ತೈದು ಗ್ರಾಂ, ಬೇಕಾದದ್ದು ಅರವತ್ತೈದು.

"ಅಂದ್ರ ನೀವು ಊಟಾ ಬಿಟ್ಟು ಸಕ್ಕರಿ ತಿಂದೀರಿ," ಅಂದಳು.

"ಇಷ್ಟ? ಈ ಚಹಾಕ್ಕ ನಾ ಎಂಟು ವಾರ ಅತ್ತೇನಿ?" ಉಚ್ಚಂಗೆವ್ವನಿಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂತು. "ಇದು ಬಿಟ್ಟ ಕೂಡ್ಲೆ ಇಳೀತೈತಿ?"

"ಕೂಡ್ಲೆ ಅಂತ ಹೇಳಾಕ ಬರಂಗಿಲ್ಲ."

"ಮತ್ತ ನಾ ಇಲ್ಲಿಗೆ ಯಾಕ ಬಂದೇನಿ!"

ಕೊನೆಗೆ ಬರೆಸಿಕೊಂಡು ಬಂದದ್ದು ಹೀಗಿತ್ತು. ದಿನಕ್ಕೆ ಸಾವಿರದ ಆಸುಪಾಸು ಕ್ಯಾಲೊರಿ, ಮೂರು ಊಟ, ಬೇಕಾದರೆ ನಡುವೆ ಒಂದು ಮೊಸರು. ತಟ್ಟೆಯಲ್ಲಿ ಮೊದಲು ಮೊಟ್ಟೆ, ಕಾಳು, ಕೋಳಿ ಅಥವಾ ಪನೀರು, ಆಮೇಲೆ ಪಲ್ಯ, ಹೊಟ್ಟೆಯಲ್ಲಿ ಜಾಗ ಉಳಿದರೆ ಅರ್ಧ ರೊಟ್ಟಿ. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ, ದಿನಕ್ಕೆ ಎರಡು ಲೀಟರಿನ ಹತ್ತಿರ. ಚಹಾ ಎರಡು, ಸಕ್ಕರೆಯಿಲ್ಲದೆ. ಗುಳಿಗೆ, ಪ್ರೋಟೀನ್ ಪುಡಿ ತಪ್ಪಿಸುವಂತಿಲ್ಲ. ವಾರಕ್ಕೆ ನಾಲ್ಕು ದಿನ ಕುರ್ಚಿ ಹಿಡಿದು ಕುಕ್ಕುರುಗಾಲಿನ ವ್ಯಾಯಾಮ. ತೂಕ ವಾರಕ್ಕೆ ಒಂದೇ ಸಲ.

ತೂಕದ ಯಂತ್ರವನ್ನು ಮೈಲೇಶ ಅಂಗಡಿಗೆ ಒಯ್ದು ಸುಟ್ಟ ಮೋಟಾರುಗಳ ಹಿಂದೆ ಇಟ್ಟ. ಭಾನುವಾರ ಮಾತ್ರ ತರುತ್ತಿದ್ದ.

ಎಲ್ಲಕ್ಕಿಂತ ಕಷ್ಟವಾದದ್ದು ನೀರು. ಎರಡು ಲೀಟರು ಕುಡಿದು ಬಸ್ಸಿನಲ್ಲಿ ನಿಲ್ಲುವುದು ಹೇಗೆಂದು ಅವಳು ಯಾರನ್ನು ಕೇಳಬೇಕು? ಎರಡು ದಿನ ತಡೆದುಕೊಂಡು, ಮೂರನೆಯ ದಿನ ಬಾಟಲಿಯನ್ನು ಡ್ರೈವರನ ಕ್ಯಾಬಿನ್ನಿಗೆ ಎಸೆದು, "ನನಗಾಗಂಗಿಲ್ಲ, ಅವರು ಹುಬ್ಬಳ್ಳಿಯಾಗ ಕುಂತು ಹೇಳ್ತಾರ" ಎಂದು ಕೂಗಾಡಿದಳು. ಮಕ್ತುಮಸಾಬ ಬಾಟಲಿ ಎತ್ತಿ ಅದರ ಜಾಗಕ್ಕೆ ಇಟ್ಟ.

"ಅಕ್ಕಾರ, ನಿಮ್ಮಗತೆ ನನ್ನ ಮನ್ಯಾಗೂ ಹೆಣಮಕ್ಕಳದಾರ," ಅಂದ. "ಬ್ಯಾಡಗ್ಯಾಗ, ಕದರಮಂಡಲಗ್ಯಾಗ ನಾ ಎರಡು ನಿಮಿಷ ಹೆಚ್ಚಿಗಿ ನಿಂದರಸ್ತೇನಿ. ನೀವು ಹೋಗಿ ಬರ್ರಿ. ಯಾರರೆ ಕೇಳಿದ್ರ ಟಾಯರ್ ಹವಾ ನೋಡಾಕತ್ತೇನಿ ಅಂತೇನಿ."

ಅವತ್ತಿನಿಂದ ಮಕ್ತುಮಸಾಬ ಆ ಎರಡು ಊರಲ್ಲಿ ಇಳಿದು ಟಾಯರನ್ನು ಕಾಲಿನಿಂದ ಒದೆಯುತ್ತ ನಿಲ್ಲುತ್ತಿದ್ದ. ಹೊಸಬರು ಈ ಬಸ್ಸಿನ ಟಾಯರು ಏಕೆ ಇಷ್ಟು ಕೆಡುತ್ತವೆ ಎಂದು ಕೇಳುತ್ತಿದ್ದರು. ನಾವು ದಿನದವರು ಸುಮ್ಮನಿರುತ್ತಿದ್ದೆವು.

ಪ್ರಸಾದವನ್ನು ಹಣೆಗೆ ಒತ್ತಿಕೊಂಡು ಬಟ್ಟೆಯ ಚೀಲಕ್ಕೆ ಹಾಕತೊಡಗಿದಳು. ಒಬ್ಬ ಮುದುಕ ಅದನ್ನು ನೋಡಿ, "ಯಾಕವಾ, ದೇವರ ಪ್ರಸಾದ ಬಾಯಿಗೆ ಸೇರಂಗಿಲ್ಲೇನು?" ಎಂದು ಮುನಿಸಿಕೊಂಡ. "ಮನಿಗೆ ಒಯ್ದು ಕೈಕಾಲು ತೊಳಕೊಂಡು ತಿಂತೇನ್ರೀ ಅಜ್ಜಾ, ನಿಮ್ಮಂಗ ಬಸ್ಸಿನಾಗ ಬೀಳಸಂಗಿಲ್ಲ" ಅಂದಳು. ಮುದುಕನ ಪಂಚೆಯ ಮೇಲೆ ಸಕ್ಕರೆ ಚೆಲ್ಲಿತ್ತು, ಝಾಡಿಸಿಕೊಂಡ.

ಮನೆಯಲ್ಲಿ ಇಷ್ಟು ಸುಲಭವಾಗಲಿಲ್ಲ. ಗಂಗಮಾಳವ್ವನಿಗೆ ಸೊಸೆ ಅಂಗೈಯಷ್ಟು ತಟ್ಟೆಯಲ್ಲಿ ಉಣ್ಣುವುದು ತನ್ನ ಅಡುಗೆಗೆ ಆದ ಅವಮಾನವಾಗಿತ್ತು. ಅವಳು ಮೊದಲಿನಷ್ಟೇ ಮಾಡುತ್ತಿದ್ದಳು, ಮೊದಲಿನಷ್ಟೇ ಬಡಿಸುತ್ತಿದ್ದಳು. ಉಳಿದದ್ದನ್ನು ಮೈಲೇಶ ಎಳೆದುಕೊಂಡು ಮುಗಿಸುತ್ತಿದ್ದ. ಒಂದು ಭಾನುವಾರ ಗಂಗಮಾಳವ್ವ ಹೋಳಿಗೆ ಮಾಡಿ, "ಅರ್ಧಾ ತಿನ್ನು, ಅರ್ಧಾಕ್ಕ ಏನಾಗಂಗಿಲ್ಲ, ಮುಖ ನೋಡ್ಕೋ, ಹೆಣದಂಗ ಆಗೇತಿ" ಎಂದು ತಟ್ಟೆಗೆ ಹಾಕಿದಳು.

ಉಚ್ಚಂಗೆವ್ವ ಎದ್ದು ನಿಂತಳು. ತೂಕದ ಯಂತ್ರ ಅವತ್ತು ಮನೆಯಲ್ಲೇ ಇತ್ತು. "ಮೊದಲ ನಿಮ್ಮ ಮಗನ್ನ ಇದರ ಮ್ಯಾಲ ನಿಂದರಸ್ರಿ ಅತ್ತಿ" ಅಂದಳು. ಮೈಲೇಶ ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ ಹತ್ತಿದ. ಎಂಬತ್ತೊಂದು ಇದ್ದವನು ತೊಂಬತ್ತಾಗಿದ್ದ.

"ನಾ ಬಿಟ್ಟಿದ್ದೆಲ್ಲಾ ಇವರು ಹೊತ್ಕೊಂಡು ತಿರಗಾಕತ್ತಾರ. ಇನ್ನೊಂದು ವರ್ಷಕ್ಕ ಇವರ ಹೊಟ್ಟೀನೂ ಕೊಯ್ಸೋಣೇನು?"

ಗಂಗಮಾಳವ್ವ ಮಗನ ಹೊಟ್ಟೆಯನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಹೋಳಿಗೆಯ ಡಬ್ಬಿಯನ್ನು ಪಕ್ಕದ ಮನೆಗೆ ಕೊಟ್ಟು ಬಂದಳು. ಮೂರು ದಿನ ಸೊಸೆಯೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ನಸುಕಿನಲ್ಲಿ ಡಬ್ಬಿಯಲ್ಲಿ ಮೊಳಕೆ ಹೆಸರಿನ ಉಸುಳಿ, ಎರಡು ಬೇಯಿಸಿದ ಮೊಟ್ಟೆ ಇತ್ತು. ರೊಟ್ಟಿ ಅರ್ಧವೇ ಇತ್ತು. ಅದನ್ನು ಮುರಿದದ್ದಲ್ಲ, ಸಣ್ಣದಾಗಿಯೇ ಬಡಿದದ್ದು.

ಇಷ್ಟೆಲ್ಲ ಮಾಡಿದ ಮೇಲೆ ತೂಕ ಇಳಿಯಬೇಕಲ್ಲ? ಮೊದಲ ಭಾನುವಾರ ತೊಂಬತ್ತೊಂದು ಪಾಯಿಂಟ್ ಎರಡು. ಎರಡನೆಯದು ತೊಂಬತ್ತೊಂದು. ಮೂರನೆಯದು ತೊಂಬತ್ತೊಂದು ಪಾಯಿಂಟ್ ಮೂರು. ಅವಳು ಯಂತ್ರದ ಮೇಲಿಂದಲೇ ನಿರ್ಮಲಾಗೆ ಫೋನು ಹಚ್ಚಿದಳು.

"ಮೂರು ವಾರ ಆತ್ರಿ. ಸಕ್ಕರಿ ಇಲ್ಲದ ಚಹಾ ಕುಡದು ಬಾಯಿ ಕೆಟ್ಟು ಹೋಗೇತಿ. ಹಿಟ್ಟಿನಂಥಾ ಆ ಪ್ರೋಟೀನ್ ಪುಡಿ ಸುಣ್ಣದ ನೀರಿನಂಗ ಐತಿ. ಕುರ್ಚಿ ಹಿಡದು ಕುಂತು ಎದ್ದು ತೊಡಿ ನೋವು ಬಂದಾವು. ಮುನ್ನೂರು ಗ್ರಾಂ ಹೆಚ್ಚಿಗಿ ಆಗೇನಿ!"

"ತಲಿ ತಿರಗೂದು?"

"ಇಲ್ಲ."

"ಮೆಟ್ಟಲಾ ಹತ್ತಿದ್ರ ತೇಕು?"

"ಇಲ್ಲ."

"ಕುಪ್ಪಸ?"

"ಸಡ್ಲಾಗೇತಿ," ಅಂದಳು ಉಚ್ಚಂಗೆವ್ವ. ತೋಳಿನಲ್ಲಿ ಅವತ್ತೇ ಪಿನ್ನು ಹಾಕಿಕೊಂಡಿದ್ದಳು.

"ಕೊಬ್ಬು ಕರಗಿ ಮಾಂಸ ಕೂಡಾಕತ್ತೈತ್ರಿ, ಇನ್ನೊಂದು ಸಲ್ಪ ತಡೀರಿ."

"ತಡದು ತಡದು ನನಗ ಮುಪ್ಪು ಬರ್ತೈತಿ" ಎಂದು ಫೋನು ಇಟ್ಟಳು. ಬಿಡಲಿಲ್ಲ ಮಾತ್ರ. ಬಿಡಬೇಕೆಂದುಕೊಂಡ ದಿನವೇ ಡಬ್ಬಿಯಲ್ಲಿ ಅತ್ತೆಯ ಉಸುಳಿ ಇರುತ್ತಿತ್ತು, ಕದರಮಂಡಲಗಿಯಲ್ಲಿ ಮಕ್ತುಮಸಾಬ ಟಾಯರು ಒದೆಯುತ್ತಿದ್ದ. ಇಷ್ಟು ಜನರನ್ನು ಕೆಲಸಕ್ಕೆ ಹಚ್ಚಿದ ಮೇಲೆ ಹೇಗೆ ಬಿಡುವುದು ಎಂದು ಇನ್ನಷ್ಟು ಸಿಟ್ಟಾದಳು.

ಐದನೇ ಭಾನುವಾರ ಎಂಬತ್ತೊಂಬತ್ತು ಪಾಯಿಂಟ್ ಎಂಟು. ಅವಳು ಇಳಿದು ಮತ್ತೆ ಹತ್ತಿದಳು. ಎಂಬತ್ತೊಂಬತ್ತು ಪಾಯಿಂಟ್ ಎಂಟು. ಸೋಮವಾರ ಬಸ್ಸಿನಲ್ಲಿ ಯಾರಿಗೂ ಹೇಳಲಿಲ್ಲ. ಆದರೆ ನಾನು ಹತ್ತಿದಾಗ ಬೈಯಲಿಲ್ಲ, ಮಾಲತೇಶಪ್ಪನ ಮೂಟೆಯನ್ನು ತಾನೇ ಸರಿಸಿ ಇಟ್ಟಳು. ಮಾಲತೇಶಪ್ಪ ಹೆದರಿ, "ಯಾಕ್ರಿ ಅಕ್ಕಾರ, ಆರಾಮದೀರಿಲ್ಲೋ?" ಎಂದು ಕೇಳಿದ.

ಅಲ್ಲಿಂದ ತಿಂಗಳಿಗೆ ಒಂದೋ ಒಂದೂವರೆಯೋ ಕಿಲೋ ಇಳಿಯುತ್ತ, ನಡುನಡುವೆ ಎರಡು ಮೂರು ವಾರ ನಿಲ್ಲುತ್ತ ಹೋಯಿತು. ಪ್ರತಿ ಸಲ ನಿಂತಾಗಲೂ ಅವಳು ಹುಬ್ಬಳ್ಳಿಗೆ ಫೋನು ಮಾಡಿ ಜಗಳಾಡಿದಳು. ಮದುವೆಯ ಸೀಸನ್ನಿನಲ್ಲಿ ಮತ್ತೆ ಚಹಾಕ್ಕೆ ಸಕ್ಕರೆ ಬಂತು, ಎರಡು ಕಿಲೋ ಏರಿತು. ನೋಟುಪುಸ್ತಕ ಹೊರಗೆ ಬಂತು, ಸಕ್ಕರೆ ಹೋಯಿತು. ಶಸ್ತ್ರಚಿಕಿತ್ಸೆಯಾಗಿ ಒಂದೂವರೆ ವರ್ಷಕ್ಕೆ ಎಂಬತ್ಮೂರು. ಅಲ್ಲಿ ನಿಂತದ್ದು ಆರು ತಿಂಗಳಾದರೂ ಕದಲಲಿಲ್ಲ.

"ಎಪ್ಪತ್ತು ಆಕ್ಕೈತಿ ಅಂದಿದ್ರಿ," ಎಂದು ನಿರ್ಮಲಾಳ ಎದುರು ಕೂತು ಕೇಳಿದಳು.

"ಎಪ್ಪತ್ತು ನೀವ ಹೇಳಿದ್ದು. ನಾ ಹೇಳಿಲ್ಲ." ನಿರ್ಮಲಾ ಹಳೆಯ ಕಾಗದ ತೆಗೆದಳು. ಸಕ್ಕರೆ ಕಾಯಿಲೆಯ ಗುಳಿಗೆ ಮೂರು ಇದ್ದದ್ದು ಒಂದಕ್ಕೆ ಬಂದಿತ್ತು, ಅದೂ ಚಿಕ್ಕದು. ಕಬ್ಬಿಣಾಂಶ ಸರಿಯಾಗಿತ್ತು. "ನಿಮ್ಮ ಮೈ ಇಲ್ಲೇ ನಿಂದ್ರತೇನಿ ಅಂದ್ರ ಅಂದೀತು. ಇನ್ನೂ ಕಡಿಮಿ ಮಾಡ್ಬೇಕಂದ್ರ ಇನ್ನೂ ನಡೀರಿ, ನೋಡೋಣ. ಆದ್ರ ಮತ್ತ ಊಟಾ ಬಿಟ್ಟು ಬಸ್ಸಿನಾಗ ಬಿದ್ರ ಮಾತ್ರ ನನ್ನ ಹತ್ರ ಬರಬ್ಯಾಡ್ರಿ."

"ಬರ್ತೇನಿ. ಬರದ ಎಲ್ಲಿ ಹೋಗ್ಲಿ?" ಅಂದಳು ಉಚ್ಚಂಗೆವ್ವ.

ಹೋದ ತಿಂಗಳು ಹಾವೇರಿಯಲ್ಲಿ ಬಸ್ಸಿನ ಸಿಬ್ಬಂದಿಗೆ ಆರೋಗ್ಯ ತಪಾಸಣೆಯ ಶಿಬಿರ ಇತ್ತು. ನಾನು ಯಾವುದೋ ಕೆಲಸಕ್ಕೆ ಹಾವೇರಿಗೆ ಹೋದವನು ಅಲ್ಲೇ ಸಿಕ್ಕೆ. ಹೊಸದಾಗಿ ಕೆಲಸಕ್ಕೆ ಸೇರಿದಂತಿದ್ದ ನರ್ಸೊಬ್ಬಳು ಅವಳ ಎತ್ತರ ಅಳೆದು, ತೂಕ ನೋಡಿ, ಗೋಡೆಯ ಪಟ್ಟಿ ನೋಡಿ, "ನೀವು ಇನ್ನೂ ಇಪ್ಪತ್ತೈದು ಕಿಲೋ ಇಳೀಬೇಕು ಮೇಡಂ. ಊಟ ಸ್ವಲ್ಪ ಕಡಿಮಿ ಮಾಡ್ರಿ" ಅಂದಳು.

ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಉಚ್ಚಂಗೆವ್ವ ಆ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದಳು. ಉಸಿರು ಎಳೆದುಕೊಂಡಳು, ಬಿಟ್ಟಳು.

"ನಾಷ್ಟಾ ಮಾಡೀಯೇನವಾ?"

"ಇಲ್ರಿ, ಇನ್ನೂ ಇಲ್ಲ."

"ಹನ್ನೆರಡಾಗೇತಿ. ಮೊದಲ ಹೋಗಿ ಏನರೆ ತಿನ್ನು. ಹಸದ ಹೊಟ್ಟೀಲೆ ಮಂದಿಗೆ ಬುದ್ಧಿ ಹೇಳಬಾರದು." ಆಮೇಲೆ ಕಾಗದದತ್ತ ಬೆರಳು ತೋರಿಸಿ, "ಎಂಬತ್ಮೂರು ಅಂತ ಬರಿ. ಬರೋಬ್ಬರಿ ಬರಿ, ಪಾಯಿಂಟ್ ಹೆಚ್ಚಿಗಿ ಹಾಕಬ್ಯಾಡ" ಅಂದಳು.

ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಡಬ್ಬಿ ತೆರೆದಳು. ಮೊಟ್ಟೆ ಸುಲಿಯುತ್ತ, ಈ ನರ್ಸಿನಿಂದ ಹಿಡಿದು ಶಿಬಿರದ ಬಿಸಿಲಿನವರೆಗೆ ಎಲ್ಲರನ್ನೂ ಎಲ್ಲವನ್ನೂ ಬೈದಳು. ನಾನು ನೀರು ಬೇಕೇ ಎಂದು ಬಾಟಲಿ ಚಾಚಿದೆ.

"ಊಟಾ ಮಾಡುಮುಂದ ನೀರು ಕುಡೀಬಾರದು ಅಂತ ನಿಮಗ ಎಷ್ಟ ಸಲ ಹೇಳೇನ್ರಿ?" ಅಂದಳು. "ಅರ್ಧಾ ತಾಸು ಬಿಟ್ಟು ಕೊಡ್ರಿ."